ಓದುವವರೇ ಇಲ್ಲ ಅಂತಾರೆ, ನಮ್ಮ ಮನೆಯಲ್ಲೇ ಮೂವರಿದ್ದೇವಲ್ಲ!

ಹಾಸನದ_ಅಪ್ಪ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಗಳ ಜೊತೆ ಪುಸ್ತಕದಂಗಡಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸು ಅವಳು. ಇಂಗ್ಲಿಷಿನಲ್ಲಿ ಇಟ್ಟಿಗೆ ದಪ್ಪದ ಫ್ಯಾಂಟಸಿ ಪುಸ್ತಕಗಳನ್ನು ಒಂದರ ಹಿಂದೊಂದು ಮುಗಿಸುತ್ತಾಳೆ. "ಕನ್ನಡದಲ್ಲಿ ಇಂಥದ್ದು ಇದ್ದರೆ ಕೊಡಿಸಪ್ಪ, ಓದ್ತೀನಿ" ಅಂದಳು. ನನಗೆ ಖುಷಿಯೋ ಖುಷಿ. ಅಂಗಡಿಯವರನ್ನು ಕೇಳಿದರೆ ಮಕ್ಕಳ ಪುಸ್ತಕದ ಮೂಲೆ ತೋರಿಸಿದರು. ಅಲ್ಲಿದ್ದದ್ದು ತೆನಾಲಿ ರಾಮ, ಪಂಚತಂತ್ರ, ಬಣ್ಣ ತುಂಬುವ ಪುಸ್ತಕ. "ದೊಡ್ಡವರು ಓದೋ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಎಲ್ಲ ಓಡಲ್ಲ ಸರ್. ಓದೋರೇ ಇಲ್ಲ" ಅಂದರು.

ಮನೆಗೆ ಬರುವವರೆಗೂ ಅದೇ ತಲೆಯಲ್ಲಿತ್ತು. ಮಗಳು ಹೀಗೆ. ನಮ್ಮಮ್ಮನಿಗೆ ಎಪ್ಪತ್ತೊಂದು. ಟಿವಿಯಲ್ಲಿ ಪೌರಾಣಿಕ ಧಾರಾವಾಹಿ ಶುರುವಾದರೆ ಕುಕ್ಕರ್ ಕೂಗಿದ್ದೂ ಕೇಳಿಸುವುದಿಲ್ಲ. ನಾನು ಚಂದಮಾಮ ಓದಿ ಬೆಳೆದವನು. ವಿಕ್ರಮನ ಹೆಗಲ ಮೇಲೆ ಹೆಣ ಜೋತುಬಿದ್ದಿರುವ ಆ ಚಿತ್ರ ಇವತ್ತಿಗೂ ಕಣ್ಣ ಮುಂದಿದೆ. ಒಂದೇ ಮನೆಯಲ್ಲಿ ಮೂರು ತಲೆಮಾರು! ಹಾಗಾದರೆ ಇಲ್ಲದಿರುವುದು ಓದುಗರಾ, ಪುಸ್ತಕಗಳಾ? ಅದಕ್ಕಿಂತ ಹೆಚ್ಚಾಗಿ, ಈ ಬಗೆಯ ಕಥೆ ಜನರನ್ನು ಇಷ್ಟು ಗಟ್ಟಿಯಾಗಿ ಹಿಡಿಯುವುದು ಯಾಕೆ? ಗೊತ್ತಿದ್ದವರು ಹೇಳಿ.

ಗಡಿನಾಡ_ಓದುಗ

ಪುಸ್ತಕ ಸಿಗಲಿಲ್ಲ ಅಂದ್ರ ಓದುಗರಿಲ್ಲ ಅನ್ನೋದು ಯಾವ ಲೆಕ್ಕಾ ರೀ ಸರ? ನಾನು ಬೆಳಗಾವಿಯವ. ಮರಾಠಿಯನ್ನೂ ಓದುತ್ತೇನೆ. ಅಲ್ಲಿ ಏನಾಯಿತು ನೋಡಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥೆಗಳ ಸ್ಪರ್ಧೆ ಇಟ್ಟಿತ್ತು. ನಾರಾಯಣ ವಿನಾಯಕ ಜಗತಾಪ ಅನ್ನುವ ಹೆಸರಿನಲ್ಲಿ ಬಂದ ಕಥೆಗೆ ಮೊದಲ ಬಹುಮಾನ ಬಂತು. ಹಾಗಂತ ಒಬ್ಬ ಮನುಷ್ಯನೇ ಇರಲಿಲ್ಲ! ಬರೆದವರು ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್. ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ಬೇರೆ ಹೆಸರು ಕಟ್ಟಿಕೊಂಡಿದ್ದರು. ದೊಡ್ಡ ವಿಜ್ಞಾನಿ ಅಂತ ಯಾರೂ ಬಹುಮಾನ ಕೊಡಬಾರದು, ಕಥೆ ನೋಡಿ ಕೊಡಬೇಕು ಅಂತ. ಅದಾದ ಮೇಲೆ ಅವರು ಬರೆಯುತ್ತಲೇ ಹೋದರು, ಮರಾಠಿ ಜನ ಓದುತ್ತಲೇ ಹೋದರು.

ಬಂಗಾಳದ್ದು ಇನ್ನೂ ಮಜಾ ಇದೆ. 1896ರಲ್ಲಿ ಅಲ್ಲಿ ಕಥಾಸ್ಪರ್ಧೆ ಇಟ್ಟಿದ್ದು ಕುಂತಳೀನ್ ಅನ್ನುವ ತಲೆಗೂದಲ ಎಣ್ಣೆಯವರು. ಕಥೆಯಲ್ಲಿ ಹೇಗಾದರೂ ಎಣ್ಣೆ ಬರಬೇಕಿತ್ತು. ಜಗದೀಶಚಂದ್ರ ಬೋಸರು ಬರೆದರು. ಸಮುದ್ರದಲ್ಲಿ ಚಂಡಮಾರುತ, ಅದಕ್ಕೆ ಒಂದು ಬಾಟಲಿ ಎಣ್ಣೆ ಸುರಿದರೆ ಬಿರುಗಾಳಿ ತಣ್ಣಗಾಗುತ್ತದೆ. ಬಹುಮಾನ ಅವರಿಗೇ ಬಂತು.

ಹಳೇ_ಪುಸ್ತಕ_ಹುಳ

ಗಡಿನಾಡಿನವರು ಒಳ್ಳೆಯ ಕಡೆಯಿಂದ ಶುರು ಮಾಡಿದರು. ಎಣ್ಣೆ ಮಾರಲು ಕಥೆ! ಅಮೆರಿಕದಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಹ್ಯೂಗೋ ಗರ್ನ್ಸ್‌ಬ್ಯಾಕ್ ಅಂತ ಒಬ್ಬರಿದ್ದರು. ಲಕ್ಸೆಂಬರ್ಗಿನಿಂದ ಅಮೆರಿಕಕ್ಕೆ ಬಂದವರು. ಮೊದಲು ರೇಡಿಯೋ ಬಿಡಿಭಾಗ ಮಾರುತ್ತಿದ್ದರು. 1926ರ ಏಪ್ರಿಲಿನಲ್ಲಿ 'ಅಮೇಜಿಂಗ್ ಸ್ಟೋರೀಸ್' ಶುರು ಮಾಡಿದರು. ಬರೀ ವಿಜ್ಞಾನ ಕಥೆಗಳಿಗೆ ಮೀಸಲಾದ ಪತ್ರಿಕೆ. ಅಗ್ಗದ ಒರಟು ಕಾಗದ, ಕಣ್ಣು ಕೋರೈಸುವ ಮುಖಪುಟ. ಅವರು ಮಾಡಿದ ಜಾಣ ಕೆಲಸ ಇನ್ನೊಂದಿದೆ. ಓದುಗರ ಪತ್ರಗಳನ್ನು ಅವರ ಪೂರ್ತಿ ವಿಳಾಸದ ಸಮೇತ ಅಚ್ಚು ಹಾಕಿದರು. ಯಾವುದೋ ಊರಿನ ಹುಡುಗ ಇನ್ಯಾವುದೋ ಊರಿನ ಹುಡುಗನ ಪತ್ರ ಓದಿ, ನೇರವಾಗಿ ಅವನಿಗೇ ಕಾಗದ ಬರೆದ. ಹಾಗೆ ಸಂಘಗಳಾದವು, ಓದುಗರೇ ಹೊರತಂದ ಪುಟ್ಟ ಪತ್ರಿಕೆಗಳಾದವು, ಆಮೇಲೆ ಸಮ್ಮೇಳನಗಳಾದವು. ಆ ಹುಡುಗರಲ್ಲೇ ಎಷ್ಟೋ ಜನ ಮುಂದೆ ಲೇಖಕರಾದರು. ಈ ಬಗೆಯ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಅಂತ ಇದೆಯಲ್ಲ, ಅದು ಇವರ ಹೆಸರಿನದೇ. ಲೇಖಕರಿಗೆ ಸರಿಯಾಗಿ ದುಡ್ಡು ಕೊಡುತ್ತಿರಲಿಲ್ಲ ಅನ್ನುವ ದೂರೂ ಇವರ ಹೆಸರಿನ ಜೊತೆಗೇ ಇದೆ. ಅದಿರಲಿ.

ಇನ್ನೊಂದು. ಇಂಗ್ಲೆಂಡಿನ ಫ್ಯಾಂಟಸಿ ಲೇಖಕ ಟೋಲ್ಕಿನ್ ಅವರ 'ದಿ ಹಾಬಿಟ್' ಅಚ್ಚಾಗಬೇಕೋ ಬೇಡವೋ ಅಂತ ಹೇಳಿದ್ದು ಹತ್ತು ವರ್ಷದ ಹುಡುಗ! ಪ್ರಕಾಶಕ ಸ್ಟಾನ್ಲಿ ಅನ್ವಿನ್ ತಮ್ಮ ಮಗ ರೇನರ್‌ಗೆ ಹಸ್ತಪ್ರತಿ ಕೊಟ್ಟು ಅಭಿಪ್ರಾಯ ಬರೆಸಿಕೊಂಡರು. ಕೂಲಿ ಒಂದು ಶಿಲ್ಲಿಂಗ್. 1937ರಲ್ಲಿ ಪುಸ್ತಕ ಬಂತು. ಆಮೇಲೆ ದೊಡ್ಡ ಕಾದಂಬರಿ, 'ದಿ ಲಾರ್ಡ್ ಆಫ್ ದಿ ರಿಂಗ್ಸ್', 1954-55ರಲ್ಲಿ ಮೂರು ಭಾಗವಾಗಿ ಬಂತು. ಅಷ್ಟು ಹೊತ್ತಿಗೆ ರೇನರ್ ದೊಡ್ಡವನಾಗಿ ಅದೇ ಸಂಸ್ಥೆಯಲ್ಲಿದ್ದ. ಸಾವಿರ ಪೌಂಡ್ ನಷ್ಟ ಆಗಬಹುದು, ಆದರೂ ಹಾಕೋಣ ಅಂತ ಅಪ್ಪನನ್ನು ಒಪ್ಪಿಸಿದ. ಹಾಗಿದ್ದರೂ ಅದು ಜನರ ಪುಸ್ತಕ ಆಗಿದ್ದು 1965ರಲ್ಲಿ. ಏಸ್ ಬುಕ್ಸ್ ಅನ್ನುವ ಅಮೆರಿಕದ ಪ್ರಕಾಶಕರು ಲೇಖಕರ ಒಪ್ಪಿಗೆ ಇಲ್ಲದೇ 75 ಸೆಂಟಿನ ಪೇಪರ್‌ಬ್ಯಾಕ್ ಹಾಕಿಬಿಟ್ಟರು. ಗಲಾಟೆ ಆಯಿತು. ಬ್ಯಾಲಂಟೈನ್ ಕಡೆಯಿಂದ ಒಪ್ಪಿಗೆಯ ಪ್ರತಿ 95 ಸೆಂಟಿಗೆ ಬಂತು. ಕಾಲೇಜು ಹುಡುಗರ ಬ್ಯಾಗು ಸೇರಿದ್ದು ಆಗಲೇ.

ಹಾಗಾಗಿ 'ಓಡಲ್ಲ' ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಯಾವ ರೇಟಿಗೆ, ಎಲ್ಲಿ ಇಟ್ಟು ನೋಡಿದಿರಿ? ನಮ್ಮಲ್ಲಿ ಚಂದಮಾಮ ಓಡಿದ್ದು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತಿತ್ತು ಅಂತಲ್ವಾ?

ಹಾಸನದ_ಅಪ್ಪ

ನಿಜ ಸರ್. ನಮ್ಮೂರಲ್ಲಿ ಕ್ಷೌರದಂಗಡಿಯಲ್ಲಿ ಇಟ್ಟಿರುತ್ತಿದ್ದರು. ಕಥೆ ಮುಗಿಯದಿದ್ದರೆ ಹಿಂದಿನವರನ್ನು ಮುಂದೆ ಕಳಿಸಿ ನಾನು ಕೂತಿರುತ್ತಿದ್ದೆ. ಆದರೆ ಅಗ್ಗವಾಗಿದ್ದಕ್ಕೇ ಎಲ್ಲವೂ ಓಡುವುದಿಲ್ಲವಲ್ಲ. ಒಳಗೆ ಏನೋ ಇದೆ. ಅದೇನು?

ಹೊಸ್ತಿಲ_ಮೇಲೆ

ಇದಕ್ಕೆ ನನಗೆ ತೋಚಿದ್ದು ಹೇಳುತ್ತೇನೆ ಅಣ್ಣ, ಸ್ವಲ್ಪ ಉದ್ದ ಆಗಬಹುದು.

ಸುಮ್ನೆ ಏನು ಬೇಕಾದರೂ ಆಗಬಹುದಾದ ಲೋಕ ಯಾರನ್ನೂ ಹಿಡಿಯುವುದಿಲ್ಲ. ಮಂತ್ರ ಹಾಕಿದ, ಎಲ್ಲ ಸರಿಹೋಯಿತು ಅಂದರೆ ಮಗುವೂ ಆಕಳಿಸುತ್ತದೆ. ಹಿಡಿಯುವುದು ಕಟ್ಟುಪಾಡು. ಈ ಲೋಕದಲ್ಲಿ ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ. ಆಮೇಲೆ ಆ ಕಟ್ಟುಪಾಡಿನಲ್ಲೊಂದು ಸಂದು.

ಹಿರಣ್ಯಕಶಿಪುವನ್ನು ನೋಡಿ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಅಲ್ಲ, ಹೊರಗೂ ಅಲ್ಲ. ನೆಲವೂ ಅಲ್ಲ, ಆಕಾಶವೂ ಅಲ್ಲ. ಆಯುಧವೂ ಬೇಡ. ಒಳ್ಳೇ ವಕೀಲ ಬರೆದ ಕರಾರುಪತ್ರದ ಹಾಗಿದೆ. ಕೇಳುವವರು ತುದಿಗಾಲಿನಲ್ಲಿ ಕೂತಿರುತ್ತಾರೆ, ಇವನನ್ನು ಹೇಗಪ್ಪಾ ಮುಗಿಸುತ್ತಾರೆ ಅಂತ. ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು, ನರಸಿಂಹ. ಒಂದು ಷರತ್ತನ್ನೂ ಮುರಿಯಲಿಲ್ಲ! ಯಕ್ಷಗಾನದಲ್ಲಿ ಇದನ್ನು ನೂರು ಸಲ ನೋಡಿದವರೂ ನೂರಾ ಒಂದನೇ ಸಲ ಕಂಬ ಒಡೆಯುವ ಹೊತ್ತಿಗೆ ನೆಟ್ಟಗೆ ಕೂರುತ್ತಾರೆ. ಭಸ್ಮಾಸುರನದೂ ಅದೇ. ವರ ಕೊಟ್ಟ ದೇವರೇ ಓಡುತ್ತಾನೆ, ಕೊಟ್ಟ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಈಗ ಅಮೆರಿಕದ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಅವರ ಮೂರು ರೋಬೋಟ್ ನಿಯಮಗಳನ್ನು ತೆಗೆದುಕೊಳ್ಳಿ. ಮನುಷ್ಯನಿಗೆ ಕೆಡುಕು ಆಗಗೊಡಬಾರದು. ಅದಕ್ಕೆ ಧಕ್ಕೆ ಬರದಂತೆ ಮನುಷ್ಯ ಹೇಳಿದ್ದು ಕೇಳಬೇಕು. ಈ ಎರಡಕ್ಕೂ ಧಕ್ಕೆ ಬರದಂತೆ ತನ್ನನ್ನು ಕಾಪಾಡಿಕೊಳ್ಳಬೇಕು. 1942ರಲ್ಲಿ ಈ ಮೂರನ್ನೂ ಬಿಡಿಸಿ ಹೇಳಿದ ಕಥೆಯಲ್ಲೇ ಎಡವಟ್ಟಾಗುತ್ತದೆ. ಬುಧ ಗ್ರಹದಲ್ಲಿ ಒಂದು ರೋಬೋಟಿಗೆ ಏನೋ ತಾ ಅಂತ ಹೇಳಿ ಕಳಿಸಿರುತ್ತಾರೆ. ಅಲ್ಲಿ ಅಪಾಯ ಇದೆ. ಹೇಳಿದ್ದು ಸ್ವಲ್ಪ ಸಡಿಲವಾಗಿ ಹೇಳಿದ್ದಾರೆ, ರೋಬೋಟ್ ಮಾತ್ರ ದುಬಾರಿಯದು, ತನ್ನನ್ನು ಕಾಪಾಡಿಕೊಳ್ಳುವ ನಿಯಮವನ್ನು ಜಾಸ್ತಿ ಗಟ್ಟಿ ಮಾಡಿದ್ದಾರೆ. ಎರಡೂ ಸರಿಸಮ ಆದ ಜಾಗದಲ್ಲಿ ಅದು ಕುಡಿದವನ ಹಾಗೆ ಸುತ್ತು ಹಾಕುತ್ತಲೇ ಇರುತ್ತದೆ. ಹೇಗೆ ಬಿಡಿಸುವುದು? ಮೊದಲ ನಿಯಮದ ಮೂಲಕ. ಒಬ್ಬ ಮನುಷ್ಯ ತನ್ನ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ ಹೇಳಿದ ಕಥೆಯ ಹೊಸ್ತಿಲು.

ವರ, ಶಾಪ, ಭಾಷೆ ಕೊಡುವುದು, ಇವೆಲ್ಲ ನಮ್ಮವರಿಗೆ ಹೊಸದಲ್ಲ. ಓದುಗರಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ.

ವಿಮಾನ_ಪ್ರಿಯ

ಅದಕ್ಕೇ ನಾನು ಹೇಳುವುದು. ಜಗತ್ತಿನ ಮೊದಲ ಸೈನ್ಸ್ ಫಿಕ್ಷನ್ ನಮ್ಮದೇ. ಪುಷ್ಪಕ ವಿಮಾನ ಇರಲಿಲ್ವಾ? ವೈಮಾನಿಕ ಶಾಸ್ತ್ರ ಅಂತ ಗ್ರಂಥವೇ ಇದೆ. ಬೇರೆಯವರು ಕಲ್ಪನೆ ಮಾಡುವ ಮೊದಲೇ ನಮ್ಮವರು ಮಾಡಿ ಮುಗಿಸಿದ್ದರು.

ಹಳೇ_ಪುಸ್ತಕ_ಹುಳ

ಗುರುವೇ, ಕಲ್ಪನೆ ಅಂತೀರೋ, ಮಾಡಿ ಮುಗಿಸಿದ್ದರು ಅಂತೀರೋ? ಎರಡರಲ್ಲಿ ಒಂದು ಹೇಳಿ. ಮಾಡಿದ್ದರೆ ಅದು ಫಿಕ್ಷನ್ ಹೇಗಾಯಿತು?

ವೈಮಾನಿಕ ಶಾಸ್ತ್ರದ ವಿಷಯ ಬಂದಿದ್ದು ಒಳ್ಳೆಯದಾಯಿತು. ಅದು ಕರ್ನಾಟಕದ ಕಥೆ, ತುಂಬ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಪಕ್ಕದ ಆನೇಕಲ್ಲಿನಲ್ಲಿ ಸುಬ್ಬರಾಯ ಶಾಸ್ತ್ರಿಗಳು ಅಂತ ಇದ್ದರು. 20ನೇ ಶತಮಾನದ ಆರಂಭದ ವರ್ಷಗಳಲ್ಲಿ ಅವರು ಸಂಸ್ಕೃತ ಶ್ಲೋಕಗಳಲ್ಲಿ ಇದನ್ನು ಹೇಳಿ ಬರೆಸಿದರು. ಭರದ್ವಾಜ ಮಹರ್ಷಿಗಳಿಂದ ತಮಗೆ ಹೊಳೆದದ್ದು ಅಂತ ಅವರ ಮಾತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಆ ಪಠ್ಯವನ್ನೂ ಚಿತ್ರಗಳನ್ನೂ ಕೂಲಂಕಷವಾಗಿ ನೋಡಿದರು. ಭಾಷೆ ಹಳೆಯದಲ್ಲ, ಚಿತ್ರದಲ್ಲಿರುವ ಯಂತ್ರಗಳು ಹಾರುವುದಿಲ್ಲ ಅಂತ ಬರೆದರು.

ನನ್ನ ತಕರಾರು ಬೇರೆ. ಶಾಸ್ತ್ರ ಅಂದಿದ್ದಕ್ಕೆ ಅದು ಸೋತಿತು. ಕಥೆ ಅಂದಿದ್ದರೆ? ರೈಟ್ ಸಹೋದರರು ಆಗಷ್ಟೇ ಹಾರಿದ್ದ ಕಾಲ. ಆನೇಕಲ್ಲಿನಲ್ಲಿ ಕೂತ ಒಬ್ಬರು ಲೋಹ, ಕನ್ನಡಿ, ಅದೃಶ್ಯ ಆಗುವ ಉಪಾಯ, ಪೈಲಟ್ಟಿನ ಊಟ, ಉಡುಪು ಎಲ್ಲದರ ಬಗ್ಗೆಯೂ ಶ್ಲೋಕ ಕಟ್ಟುತ್ತಾರೆ. ಇಂಗ್ಲೆಂಡಿನಲ್ಲಿ ಎಚ್.ಜಿ. ವೆಲ್ಸ್ ವಿಜ್ಞಾನ ಕಥೆ ಬರೆಯುತ್ತಿದ್ದ ಹೊತ್ತಿಗೇ ನಮ್ಮಲ್ಲೂ ಒಬ್ಬರು ಕನಸು ಕಾಣುತ್ತಿದ್ದರು. 'ಇದು ಕಥೆ ಸ್ವಾಮಿ' ಅಂತ ಒಂದು ಸಾಲು ಮೇಲೆ ಬರೆದಿದ್ದರೆ ಇವತ್ತು ಅವರನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದೆವು.

ವಿಮಾನ_ಪ್ರಿಯ

ನಿಮ್ಮ ಕೊನೇ ಪ್ಯಾರಾ ಒಪ್ಪಿಲ್ಲ, ಆದರೆ ಓದಿ ನಗು ಬಂತು. ಆನೇಕಲ್ಲು ನಮ್ಮಾವನ ಊರು. ಇದು ಗೊತ್ತೇ ಇರಲಿಲ್ಲ.

ಕಡಲ_ತಡಿ

ಹೊಸ್ತಿಲಿನವರ ಮಾತು ಚಂದ ಉಂಟು ಮಾರಾಯ್ರೆ. ಆದರೆ ಒಂದು ಜಾಗ್ರತೆ. ಪುರಾಣ, ದೈವ, ಫ್ಯಾಂಟಸಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. 2022ರಲ್ಲಿ 'ಕಾಂತಾರ' ಬಂದಾಗ ಬೆಂಗಳೂರಿನ ನನ್ನ ಆಫೀಸಿನಲ್ಲಿ ಒಬ್ಬರು "ಸೂಪರ್ ಫ್ಯಾಂಟಸಿ ಬ್ರೋ" ಅಂದರು. ನನಗೆ ಕಸಿವಿಸಿ ಆಯಿತು. ನಮ್ಮ ಮನೆಯಲ್ಲಿ ಪಂಜುರ್ಲಿ ಉಂಟು. ವರ್ಷಕ್ಕೊಮ್ಮೆ ಕೋಲ. ಜಾಗದ ಜಗಳ ದೈವದ ಮುಂದೆ ತೀರ್ಮಾನ ಆದದ್ದನ್ನು ನಾನೇ ನೋಡಿದ್ದೇನೆ. ನಿಮಗೆ ಕಲ್ಪನೆ, ನಮಗೆ ಮನೆಯ ಹಿರಿಯರಿದ್ದ ಹಾಗೆ. ಫ್ಯಾಂಟಸಿ ಅಂದರೆ ಬರೆದವರಿಗೂ ಓದುವವರಿಗೂ ಇದು ಕಟ್ಟಿದ್ದು ಅಂತ ಗೊತ್ತಿರಬೇಕು.

ಹೊಸ್ತಿಲ_ಮೇಲೆ

ನೀವು ಹೇಳಿದ್ದು ಸರಿ. ನಾನು ಕಥೆ ಹೇಳುವ ಜಾಣತನದ ಬಗ್ಗೆ ಮಾತಾಡುತ್ತಿದ್ದೆ. ನಂಬಿಕೆಯ ಲೆಕ್ಕ ಬೇರೆ. ನಮ್ಮಜ್ಜಿಗೂ ನರಸಿಂಹ ಕಥೆಯಲ್ಲ, ಮನೆದೇವರು.

ಖಡಕ್_ಚಹಾ

ಎಲ್ಲರೂ ಇಷ್ಟು ಹೊತ್ತು ಕೂತು ಟೈಪ್ ಮಾಡಿದ್ದೀರಿ, ಶಹಬ್ಬಾಸ್. ಆದರೆ ಇದೆಲ್ಲ ಟೈಂಪಾಸ್ ಅಲ್ಲೇನ್ರೀ? ಹೊಲದಲ್ಲಿ ಬೆಳೆ ಒಣಗುತ್ತಿರುವಾಗ ಡ್ರ್ಯಾಗನ್ ಕಥೆ ಓದುವುದು ಅಂದರೆ ಕಷ್ಟದಿಂದ ಮುಖ ತಿರುಗಿಸಿದ ಹಾಗೆ.

ರಾಗಿ_ಮುದ್ದೆ

ಖಡಕ್ ಅಣ್ಣಾ, ಬೆಳೆ ಮಾತು ಎತ್ತಿದಿರಿ, ಅಲ್ಲಿಂದಲೇ ಬರುತ್ತೇನೆ. ಕನಕದಾಸರ 'ರಾಮಧಾನ್ಯ ಚರಿತೆ' ಗೊತ್ತಲ್ಲ? ಲಂಕೆಯಿಂದ ವಾಪಸ್ ಬರುವಾಗ ಶ್ರೀರಾಮನ ಮುಂದೆ ರಾಗಿಗೂ ಭತ್ತಕ್ಕೂ ಜಗಳ. ಧಾನ್ಯಗಳು ಮಾತಾಡುತ್ತವೆ, ಸುಮ್ನೆ ಅಲ್ಲ, ಬೈದಾಡುತ್ತವೆ! ಭತ್ತ ಹೇಳುತ್ತದೆ, ನಾನು ದೇವರ ನೈವೇದ್ಯಕ್ಕೆ ಬೇಕು, ನೀನು ಬಡವರ ಕೂಳು ಅಂತ. ರಾಗಿ ಹೇಳುತ್ತದೆ, ಬರಗಾಲದಲ್ಲಿ ನೀನೆಲ್ಲಿದ್ದೆ ಅಂತ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ತೆಗೆದು ನೋಡಿದರೆ ಭತ್ತ ಕೆಟ್ಟಿದೆ, ರಾಗಿ ಗಟ್ಟಿಮುಟ್ಟಾಗಿದೆ. ಇದು ಮೇಲು ಕೀಳಿನ ಮಾತು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೇರವಾಗಿ ಹೇಳಿದ್ದರೆ ಹೊಡೆದಾಟ ಆಗುತ್ತಿತ್ತು. ಧಾನ್ಯದ ಬಾಯಲ್ಲಿ ಹೇಳಿಸಿದ್ದಕ್ಕೆ ಐನೂರು ವರ್ಷ ಉಳಿಯಿತು.

ಟೋಲ್ಕಿನ್ 1939ರಲ್ಲಿ ಒಂದು ಉಪನ್ಯಾಸ ಕೊಟ್ಟರು. ಜೈಲಿನಲ್ಲಿ ಇರುವವನು ಹೊರಗಿನ ಲೋಕ ನೆನೆಸಿಕೊಂಡರೆ ಅದನ್ನು ತಪ್ಪು ಅನ್ನಬಹುದೇ ಅನ್ನುವುದು ಅವರ ವಾದದ ತಿರುಳು. ನಮ್ಮ ರಾಗಿಯೂ ಆರು ತಿಂಗಳು ಒಳಗಿತ್ತು ನೋಡಿ.

ಖಡಕ್_ಚಹಾ

ರಾಗಿ ಅಂದಮೇಲೆ ಮುಗೀತು. ಜೋಳದ ಕಡೆಯವ ನಾನು, ಜೋಳವನ್ನು ಯಾಕೆ ಗೆಲ್ಲಿಸಲಿಲ್ಲ ಅಂತ ಕನಕದಾಸರನ್ನು ಕೇಳಬೇಕು. ವಾದ ಒಪ್ಪಿದೆ ರೀ.

ಪದಕೋಶ_ಮೇಡಂ

ನಾನು ಅನುವಾದ ಮಾಡುವವಳು. ಒಂದು ಕಷ್ಟ ಹೇಳಿಕೊಳ್ಳುತ್ತೇನೆ. 'ವೈಜ್ಞಾನಿಕ ಕಾದಂಬರಿ' ಅಂದ ಕೂಡಲೇ ಓದುಗರಿಗೆ ಪಠ್ಯಪುಸ್ತಕದ ವಾಸನೆ ಬರುತ್ತದೆ. ಕೊನೆಯಲ್ಲಿ ಅಭ್ಯಾಸದ ಪ್ರಶ್ನೆಗಳಿರಬಹುದು ಅನ್ನುವ ಭಯ! ಇನ್ನು ಎಲ್ಫ್ ಅನ್ನುವುದನ್ನು ಯಕ್ಷ ಅಂದರೆ ಕಿರೀಟ ಬರುತ್ತದೆ, ಕಿನ್ನರ ಅಂದರೆ ವೀಣೆ ಬರುತ್ತದೆ. ಡ್ವಾರ್ಫ್ ಅನ್ನುವುದನ್ನು ಕುಳ್ಳ ಅಂದರೆ ಸಿನಿಮಾ ನೆನಪಾಗುತ್ತದೆ.

ಅದಕ್ಕಿಂತ ಕಷ್ಟ ಬೇರೆ ಇದೆ. ಬೇರೆ ಗ್ರಹದ ಜೀವಿ ಮೊದಲ ಸಲ ಮನುಷ್ಯರನ್ನು ಮಾತಾಡಿಸುತ್ತದೆ. 'ನೀನು' ಅನ್ನಬೇಕಾ, 'ನೀವು' ಅನ್ನಬೇಕಾ? ಇಂಗ್ಲಿಷಿನಲ್ಲಿ ಆ ತಾಪತ್ರಯ ಇಲ್ಲ. ಕನ್ನಡದಲ್ಲಿ ಮೊದಲ ಶಬ್ದಕ್ಕೇ ಸಂಬಂಧ ತೀರ್ಮಾನ ಆಗಿಬಿಡುತ್ತದೆ. 'ನೀನು' ಅಂದರೆ ದೇವರೋ ದರ್ಪದವನೋ ಆಗುತ್ತಾನೆ. 'ನೀವು' ಅಂದರೆ ಬ್ಯಾಂಕಿನಿಂದ ಫೋನ್ ಮಾಡಿದ ಹಾಗಿರುತ್ತದೆ. ಒಮ್ಮೆ ಎರಡು ದಿನ ಇದರಲ್ಲೇ ಕಳೆದೆ. ಆಮೇಲೆ ಆ ಜೀವಿ ಶುರುವಿನಲ್ಲಿ 'ನೀವು' ಅಂದು, ಸಿಟ್ಟು ಬಂದಾಗ 'ನೀನು'ಗೆ ಇಳಿಯುವ ಹಾಗೆ ಮಾಡಿದೆ. ಮೂಲದಲ್ಲಿ ಇಲ್ಲದ ರುಚಿ ಬಂತು. ಹಾಗಾಗಿ ಕನ್ನಡಕ್ಕೆ ಇದು ಒಗ್ಗುವುದಿಲ್ಲ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಒಗ್ಗಿಸಬೇಕು ಅಷ್ಟೇ.

ಸಿಲ್ಕ್_ಬೋರ್ಡ್_ಸಂನ್ಯಾಸಿ

ಬೆಂಗಳೂರಿನವರಿಗೆ ಒಂದು ಸುದ್ದಿ. ತಮಿಳಿನ ಜನಪ್ರಿಯ ಲೇಖಕ ಸುಜಾತ, ಅಂದರೆ ರಂಗರಾಜನ್, ಕೆಲಸ ಮಾಡಿದ್ದು ನಮ್ಮ ಬಿಇಎಲ್‌ನಲ್ಲಿ, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. ಮತಯಂತ್ರದ ಕೆಲಸದಲ್ಲಿ ಅವರ ಪಾತ್ರ ದೊಡ್ಡದು. ಸುಜಾತ ಅವರ ಹೆಂಡತಿಯ ಹೆಸರು. ಜೀನೋ ಅನ್ನುವ ರೋಬೋಟ್ ನಾಯಿಯ ಕಥೆಯನ್ನು ಅವರು ವಾರಪತ್ರಿಕೆಯ ಧಾರಾವಾಹಿಯಾಗಿ ಬರೆದು ಮನೆಮನೆಗೆ ಮುಟ್ಟಿಸಿದರು. ಚೀನಾದ ಲೇಖಕ ಲ್ಯೂ ಸಿಶಿನ್ ಕೂಡ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದವರು. ಅವರ ಕಾದಂಬರಿ 'ಥ್ರೀ ಬಾಡಿ ಪ್ರಾಬ್ಲಂ' 2006ರಲ್ಲಿ ಮೊದಲು ಬಂದಿದ್ದು ಚೆಂಗ್ಡು ನಗರದ ಒಂದು ವಿಜ್ಞಾನ ಕಥಾ ಪತ್ರಿಕೆಯಲ್ಲಿ, ಧಾರಾವಾಹಿಯಾಗಿ. ಇಂಗ್ಲಿಷಿಗೆ ಬಂದು 2015ರಲ್ಲಿ ಹ್ಯೂಗೋ ಗೆದ್ದಿತು.

ಆ ಪತ್ರಿಕೆಯದ್ದೊಂದು ಮಜಾ ಕೇಳಿ. 1999ರಲ್ಲಿ ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧದ ವಿಷಯ, 'ನೆನಪುಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡುವಂತಾದರೆ'. ಈ ಪತ್ರಿಕೆಯಲ್ಲಿ ಅದೇ ಸುಮಾರಿಗೆ ಅದೇ ವಿಷಯ ಬಂದಿತ್ತು! ಅಲ್ಲಿಯವರೆಗೆ "ಆ ಕೆಲಸಕ್ಕೆ ಬಾರದ ಪುಸ್ತಕ ಬಿಸಾಡು" ಅನ್ನುತ್ತಿದ್ದ ಅಪ್ಪ ಅಮ್ಮಂದಿರು ತಾವೇ ಕೊಂಡು ತಂದರು. ನಮ್ಮ ಸಿಇಟಿಯಲ್ಲಿ ಒಮ್ಮೆ ಇಂಥದ್ದು ಬಂದರೆ ಸಾಕು, ಹಾಸನದ ಆ ಅಂಗಡಿಯಲ್ಲಿ ಎರಡು ಕಪಾಟು ತುಂಬುತ್ತದೆ.

ಮಲ್ನಾಡ್_ಮಳೆ

ಪುಸ್ತಕ ಇಲ್ಲ ಅಂತ ಎಲ್ಲರೂ ಒಪ್ಪಿಕೊಂಡೇ ಮಾತಾಡುತ್ತಿದ್ದೀರಲ್ಲ! ಇವೆ. ಹಣೆಪಟ್ಟಿ ಬೇರೆ ಅಂಟಿಸಿದ್ದಾರೆ ಅಷ್ಟೇ. ರಾಜಶೇಖರ ಭೂಸನೂರಮಠರು ಇದನ್ನೇ ಹಟ ಹಿಡಿದು ಬರೆದರು, ಅವರ ಪುಸ್ತಕಗಳನ್ನು ಹುಡುಕಿ. ಭೈರಪ್ಪನವರ 'ಯಾನ' 2014ರಲ್ಲಿ ಬಂತು. ಸೌರಮಂಡಲ ದಾಟಿ ಹೋಗುವ ನೌಕೆಯಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು. ಯಾರೂ ಅದನ್ನು ಸೈನ್ಸ್ ಫಿಕ್ಷನ್ ಕಪಾಟಿನಲ್ಲಿ ಇಡಲಿಲ್ಲ, ಭೈರಪ್ಪನವರ ಕಪಾಟಿನಲ್ಲಿ ಇಟ್ಟರು. ಕಂಬಾರರ ಶಿವಾಪುರ ಇನ್ನೇನು? ಪುಸ್ತಕದಿಂದ ಪುಸ್ತಕಕ್ಕೆ ಬರುವ ಒಂದು ಕಟ್ಟಿದ ಊರು.

ನನ್ನ ಮಟ್ಟಿಗೆ ಮೊದಲನೆಯದು ತೇಜಸ್ವಿಯವರ 'ಕರ್ವಾಲೊ'. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ನುಗ್ಗುವ ಒಂದು ತಂಡ. ಅದರಲ್ಲಿ ವಿಜ್ಞಾನಿ ಇದ್ದಾನೆ, ಜೇನು ಹಿಡಿಯುವ ಮಂದಣ್ಣ ಇದ್ದಾನೆ, ಕಿವಿ ಎಂಬ ನಾಯಿಯೂ ಇದೆ. ರಾಕೆಟ್ ಇಲ್ಲ, ಲೇಸರ್ ಇಲ್ಲ. ಆದರೆ ಕೋಟ್ಯಂತರ ವರ್ಷಗಳ ಕಾಲ ಒಮ್ಮೆಗೇ ನಮ್ಮ ಗದ್ದೆಯ ಬದುವಿನಲ್ಲಿ ಬಾಯಿ ತೆರೆದ ಹಾಗಾಗುತ್ತದೆ. ಮೈ ಜುಮ್ಮೆನ್ನುತ್ತದಲ್ಲ, ಅದಕ್ಕೇ ಜನ ಈ ಬಗೆಯ ಪುಸ್ತಕ ಓದುವುದು. ಹಾಸನದ ಸರ್, ಮಗಳಿಗೆ ಇದನ್ನು ಕೊಡಿ. ದಪ್ಪ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬಹುದು.

ಲೈಬ್ರರಿ_ಮೂಲೆ

ಊರಿನ ಲೈಬ್ರರಿಯಲ್ಲಿ ಕೆಲಸ ನನ್ನದು. ನಮ್ಮಲ್ಲಿ 'ಕರ್ವಾಲೊ' ಮೂರು ಸಲ ರಟ್ಟು ಹಾಕಿಸಿದ್ದೇವೆ. ಬೈಂಡಿಂಗಿಗೆ ಕೊಟ್ಟಾಗಲೂ ಕೇಳಿಕೊಂಡು ಬರುತ್ತಾರೆ. ಇಷ್ಟೇ ನನ್ನ ಸಾಕ್ಷಿ.

ಹಾಸನದ_ಅಪ್ಪ

ಹತ್ತು ದಿನ ಆಯಿತು, ಬಂದು ಹೇಳೋಣ ಅಂತ. 'ಕರ್ವಾಲೊ' ತಂದುಕೊಟ್ಟೆ. ಮೊದಲ ದಿನ "ಇದರಲ್ಲಿ ಮ್ಯಾಪ್ ಇಲ್ವಲ್ಲಪ್ಪ" ಅಂದಳು. ಎರಡು ರಾತ್ರಿಯಲ್ಲಿ ಮುಗಿಸಿದಳು. ಮೂರನೇ ದಿನ ಹಿತ್ತಿಲಿನ ಹಲಸಿನ ಮರದ ಕೆಳಗೆ ಕತ್ತೆತ್ತಿಕೊಂಡು ನಿಂತಿದ್ದಳು. ಓತಿಕ್ಯಾತ ಕಂಡಿತಂತೆ, ಹಾರಲಿಲ್ಲವಂತೆ.

ಆಮೇಲೆ ಇಲ್ಲಿ ನೀವೆಲ್ಲ ಬರೆದದ್ದನ್ನು ಓದಿ ಹೇಳಿದೆ. ಹಿರಣ್ಯಕಶಿಪುವಿನ ಜಾಗಕ್ಕೆ ಬಂದಾಗ ನಮ್ಮಮ್ಮ ಟಿವಿ ಮ್ಯೂಟ್ ಮಾಡಿ ಎದ್ದು ಬಂದರು. ಈಗ ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಾರೆ. ಕೆರೆಯೊಳಗೆ ಒಂದು ಊರು. ಅಲ್ಲಿಯವರು ಸುಳ್ಳು ಹೇಳಿದರೆ ಒಂದು ಅಡಿ ನೀರು ಇಳಿಯುತ್ತದಂತೆ. ಮ್ಯಾಪ್ ಆಗಿದೆ. ಸಂದು ಎಲ್ಲಿಡಬೇಕು ಅನ್ನುವುದರ ಮೇಲೆ ನಿನ್ನೆ ರಾತ್ರಿ ಜಗಳ ಆಗಿ ಇಬ್ಬರೂ ಮಾತು ಬಿಟ್ಟಿದ್ದಾರೆ.

ಹೊಸ್ತಿಲ_ಮೇಲೆ

ಅಣ್ಣ, ಮೊದಲ ಅಧ್ಯಾಯ ಇಲ್ಲಿ ಹಾಕಿಸಿ!

ಹಾಸನದ_ಅಪ್ಪ

ಸೋಮವಾರ ಗಣಿತದ ಟೆಸ್ಟ್ ಇದೆ. ನೋಟ್‌ಬುಕ್ ಸದ್ಯಕ್ಕೆ ಅವರಮ್ಮನ ಬೀರುವಿನಲ್ಲಿದೆ. ಬೀಗದ ಕೈ ಎಲ್ಲಿದೆ ಅಂತ ಅಜ್ಜಿಗೆ ಗೊತ್ತು.